ಗೋಲಿ ಸೋಡಾ ಕೇಕ್, ಎರಡನೇ ಸಲ

18 ಮೇ 2025, ರವಿವಾರ, ಕಾರವಾರ

ನಿನ್ನೆ ಮಾಡಿದ ಕೇಕ್ ಬೂದಿ ಬಣ್ಣಕ್ಕೆ ತಿರುಗಿತು. ಸುಮ್ನೆ ಹೇಳುತ್ತಿಲ್ಲ, ಬಚ್ಚಲ ಒಲೆಯ ಬೂದಿಯದೇ ಬಣ್ಣ, ಅಲ್ಲಲ್ಲಿ ಒಂಚೂರು ಹಸಿರು. ಆಯಿ ಒಂದು ತುಂಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ಇದೆಂತದೇ ಇದು, ಸಿಮೆಂಟಾ?" ಅಂದಳು. ಮಗಳು ಮಾತ್ರ ಎರಡು ತುಂಡು ತಿಂದಳು. ಸಕ್ಕರೆ ಇದ್ದರೆ ಅವಳು ಸಿಮೆಂಟನ್ನೂ ಬಿಡುವವಳಲ್ಲ.

ಶುರುವಾದದ್ದು ಆಯಿ ಶಿರಸಿಯಿಂದ ತಂದ ಮುರುಗಲು ಪಾಕದಿಂದ. ನಮ್ಮ ಪಕ್ಕದ ಮನೆಯವರು ಕೊಂಕಣಿಯಲ್ಲಿ ಭಿರಂಡ ಅನ್ನುತ್ತಾರೆ, ಅಂಗಡಿ ಬಾಟಲಿಯ ಮೇಲೆ ಕೋಕಂ ಅಂತಿರುತ್ತದೆ, ನಮಗೆ ಮುರುಗಲೇ. ಈ ಸೆಕೆಗೆ ದಿನಾ ಮೂರು ಸಲ ಶರಬತ್ತು ಮಾಡಿಕೊಂಡು ಕುಡಿದೆವು, ಚೆನ್ನಾಗಿತ್ತು, ಆದರೆ ನನ್ನ ನಾಲಿಗೆ ಹುಡುಕುತ್ತಿದ್ದದ್ದು ಅದಲ್ಲ. ಅದು ಕುಮಟಾದ ಮುರುಗಲು ಸೋಡಾ.

ಚಿಕ್ಕವಳಿದ್ದಾಗ ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುವುದೆಂದರೆ ನನಗೆ ಶಿಕ್ಷೆ. ಹೆಚ್ಚು ಕಡಿಮೆ 60 ಕಿಲೋಮೀಟರ್ ಅಷ್ಟೇ, ಆದರೆ ನಡುವೆ ದೇವಿಮನೆ ಘಟ್ಟ ಇದೆಯಲ್ಲ. ತಿರುವು ಶುರುವಾಗುವ ಮೊದಲೇ ಅಪ್ಪ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಕೈಗೊಂದು ಲಿಂಬೆಹಣ್ಣು ಕೊಟ್ಟು, ಮೂಸುತ್ತಾ ಇರು ಅನ್ನುತ್ತಿದ್ದರು, ನಾನು ಮೂಸುತ್ತಲೇ ಇರುತ್ತಿದ್ದೆ, ಆದರೂ ಕತಗಾಲ ಬರುವುದರೊಳಗೆ ಒಂದು ಸಲವಾದರೂ ವಾಂತಿ ಆಗಿಯೇ ಆಗುತ್ತಿತ್ತು. ಕುಮಟಾದಲ್ಲಿ ಇಳಿದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಗೂಡಂಗಡಿಗೆ ಸವಾರಿ. ಗ್ಲಾಸಿನ ತಳಕ್ಕೆ ಕೆಂಪು ಪಾಕ, ಅದರ ಮೇಲೆ ಎಂಥದೋ ಬಿಳಿ ಪುಡಿ ಒಂದು ಚಿಟಿಕೆ, ಆಮೇಲೆ ಗೋಲಿ ಒತ್ತಿದರೆ ಟುಸ್ಸ್! ಗುಲಾಬಿ ನೊರೆ ಗ್ಲಾಸಿನಿಂದ ಉಕ್ಕಿ ಅಂಗಡಿಯವನ ಕೈಮೇಲೆ. ಎರಡು ಗುಟುಕಿಗೆ ಹೊಟ್ಟೆ ತಣ್ಣಗಾಗಿ ನಾನು ಮತ್ತೆ ಮನುಷ್ಯಳಾಗುತ್ತಿದ್ದೆ.

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಅವಳು ಅದೇ ಹೊತ್ತಿಗೆ ಮೊಬೈಲಿನಲ್ಲಿ ಮಾರ್ಬಲ್ ಕೇಕ್ ನೋಡುತ್ತಿದ್ದಳು. "ಅಮ್ಮಾ, ಮಾರ್ಬಲ್ ಅಂದ್ರೂ ಗೋಲಿನೇ ಅಲ್ವಾ? ಹಾಗಾದ್ರೆ ಗೋಲಿ ಸೋಡಾದ್ದೇ ಮಾರ್ಬಲ್ ಕೇಕ್ ಮಾಡು." ಆ ಮಾರ್ಬಲ್ ಅಂದರೆ ಅಮೃತಶಿಲೆ, ಎರಡು ಬಣ್ಣದ ಹಿಟ್ಟು ಸುರುಳಿಯಾಗಿ ಬೆರೆತು ಕಲ್ಲಿನ ಗೆರೆಯ ಹಾಗೆ ಕಾಣುತ್ತದೆ, ಜರ್ಮನಿ ಕಡೆಯ ಕೇಕ್ ಅಂತೆಲ್ಲ ವಿವರಿಸಲು ಹೋದೆ. ಕೇಳುವವರು ಯಾರು? ನನಗೂ ಅಷ್ಟರಲ್ಲಿ ಆಸೆ ಹುಟ್ಟಿಯಾಗಿತ್ತು.

ನಿನ್ನೆ ಮಾಡಿದ ಮೊದಲ ತಪ್ಪು, ಸೋಡಾ ಕೇಕ್ ಅಂದಮೇಲೆ ಸೋಡಾ ಇರಬೇಡವೇ ಅಂತ ಹಿಟ್ಟಿಗೆ ಅರ್ಧ ಬಾಟಲಿ ಗೋಲಿ ಸೋಡಾ ಸುರಿದದ್ದು. ಕಲಸುವಾಗಲೇ ಗ್ಯಾಸ್ ಹೋಯಿತು, ಬರೀ ನೀರು ಉಳಿಯಿತು. ಎರಡನೆಯದು ಇನ್ನೂ ದೊಡ್ಡದು. ಗ್ಯಾಸ್ ಹೋಯಿತಲ್ಲ ಅಂತ ಅಡುಗೆ ಸೋಡಾವನ್ನು ಅರ್ಧ ಚಮಚದ ಬದಲು ಒಂದೂವರೆ ಚಮಚ ಹಾಕಿದೆ. ಮುರುಗಲಿನ ಕೆಂಪು ಇದೆಯಲ್ಲ, ಅದು ಆಂಥೋಸಯನಿನ್ ಅನ್ನುವ ಬಣ್ಣ, ಹುಳಿಯಲ್ಲಿ ಇರುವ ತನಕ ಕೆಂಪು, ಕ್ಷಾರ ತಾಗಿದರೆ ನೀಲಿ, ಹಸಿರು, ಬೂದಿ. ಶಂಖಪುಷ್ಪದ ನೀಲಿ ನೀರಿಗೆ ಲಿಂಬೆ ಹಿಂಡಿದರೆ ಬಣ್ಣ ಬದಲಾಗುತ್ತದಲ್ಲ, ಅದೇ ಆಟ, ಉಲ್ಟಾ. ಶಾಲೆಯಲ್ಲಿ ಲಿಟ್ಮಸ್ ಕಾಗದ ಮುಳುಗಿಸಿದ್ದು ನೆನಪಿದೆ, ಅಡುಗೆಮನೆಗೆ ಬಂದರೆ ಎಲ್ಲ ಮರೆತುಹೋಗುತ್ತದೆ.

ಇವತ್ತು ಬೆಳಿಗ್ಗೆ ಸಂತೆಗೆ ಹೋಗಿ ಮೊಸರು, ಲಿಂಬೆ, ಜೊತೆಗೆ ಅಂಕೋಲೆಯ ಕರಿ ಈಶಾಡು ಮಾವು ಒಂದು ಡಜನ್ (ಕೇಕಿಗೆ ಅಲ್ಲ, ನೋಡಿದ ಮೇಲೆ ಬಿಟ್ಟು ಬರಲು ಆಗಲಿಲ್ಲ) ತಂದೆ. ನಮ್ಮಲ್ಲಿ ಮೊಟ್ಟೆ ಇಲ್ಲ, ಹಾಗಾಗಿ ಮೊಸರಿನ ಕೇಕ್. ಈ ಸಲ ಹಿಟ್ಟನ್ನು ಮೊದಲಿನಿಂದಲೇ ಬೇರೆ ಬೇರೆ ಪಾತ್ರೆಯಲ್ಲಿ ಮಾಡಿದೆ. ಬಿಳಿಯದಕ್ಕೆ ಒಂದು ಕಪ್ ಮೈದಾ, ಮುಕ್ಕಾಲು ಕಪ್ ಗಟ್ಟಿ ಮೊಸರು, ಅರ್ಧ ಕಪ್ ಸಕ್ಕರೆ, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಎಣ್ಣೆ, ಅರ್ಧ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ವೆನಿಲಾ. ಕೆಂಪಿನದಕ್ಕೆ ಎಲ್ಲವೂ ಅದರ ಅರ್ಧ, ಆದರೆ ಅಡುಗೆ ಸೋಡಾ ಒಂದು ಹರಳೂ ಇಲ್ಲ, ಬೇಕಿಂಗ್ ಪೌಡರ್ ಮಾತ್ರ. ಅರ್ಧ ಕಪ್ ಪಾಕವನ್ನು ಸಣ್ಣ ಉರಿಯಲ್ಲಿ ಕುದಿಸಿ ನಾಲ್ಕು ಚಮಚಕ್ಕೆ ಇಳಿಸಿ, ಆರಿಸಿ, ಮೇಲೆ ಅರ್ಧ ಲಿಂಬೆ ಹಿಂಡಿ ಹಾಕಿದೆ. ಆಯಿ ಬೀಟ್‌ರೂಟ್ ಹಾಕು, ಬಣ್ಣ ಬರುತ್ತದೆ ಅಂದಳು. ಒಪ್ಪಲಿಲ್ಲ. ಬೀಟ್‌ರೂಟ್ ಹಾಕಿದರೆ ಅದು ಬೀಟ್‌ರೂಟ್ ಕೇಕ್.

ಟಿನ್ನಿಗೆ ಒಂದು ಸೌಟು ಬಿಳಿ, ಅದರ ನಡುವೆ ಒಂದು ಚಮಚ ಕೆಂಪು, ಮತ್ತೆ ಬಿಳಿ, ಹೀಗೆ. ಕೊನೆಗೆ ಚಾಕುವಿನ ತುದಿಯಿಂದ ಇಂಗ್ಲಿಷಿನ ಎಂಟರ ಹಾಗೆ ಎರಡೇ ಸಲ ಎಳೆಯುವುದು. ಮಗಳು ನಾನು ಎಳೀತೇನೆ ಅಂತ ಚಾಕು ಕಿತ್ತುಕೊಂಡು ಐದಾರು ಸಲ ಎಳೆದಳು, ಒಂದು ಬದಿಯಲ್ಲಿ ಗೆರೆಗಳೆಲ್ಲ ಕಲಸಿಹೋದವು. 180 ಡಿಗ್ರಿಗೆ ಇಟ್ಟು 20 ನಿಮಿಷ ಆಗಿರಬಹುದು, ಕರೆಂಟ್ ಹೋಯಿತು. ಬಾಗಿಲು ಮಾತ್ರ ತೆಗೆಯಲಿಲ್ಲ, ಅಡುಗೆಮನೆಯಲ್ಲಿ ಯಾರೂ ಜೋರಾಗಿ ಉಸಿರೂ ಬಿಡಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅಪ್ಪನ ಫೋನ್. ಕೇಕಿನ ಕಥೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ. "ಉಪ್ಪು ಹಾಕಿದ್ಯ ಇಲ್ಯ?"

ಇಲ್ಲ. ಉಪ್ಪು ಯಾಕೆ?

ಆ ಬಿಳಿ ಪುಡಿ ಉಪ್ಪಂತೆ! ಇಷ್ಟು ವರ್ಷ ನಾನು ಸಕ್ಕರೆ ಅಂದುಕೊಂಡಿದ್ದೆ. ಅಂಗಡಿಯವನು ಎಲ್ಲರಿಗೂ ಉಪ್ಪು ಹಾಕುತ್ತಿದ್ದ, ನನಗೆ ಮಾತ್ರ ಅಪ್ಪ ಹೇಳಿ ಎರಡು ಚಿಟಿಕೆ ಹಾಕಿಸುತ್ತಿದ್ದರು, ವಾಂತಿ ಮಾಡಿ ಸುಸ್ತಾದ ಕೂಸು ಅಂತ, ಮೇಲೆ ಹುರಿದ ಜೀರಿಗೆ ಪುಡಿ. ನಾನು ಗ್ಯಾಸಿನ ಹಿಂದೆ ಓಡುತ್ತಿದ್ದೆ, ನಾಲಿಗೆ ಕೇಳುತ್ತಿದ್ದದ್ದು ಉಪ್ಪು.

ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಕೇಕ್ ಬೆಂದಿತು, ನಡುವೆ ಸ್ವಲ್ಪ ಕುಳಿ ಬಿತ್ತು. ಬಣ್ಣ ಗುಲಾಬಿ ಅಲ್ಲ, ಕಾವಿಗೆ ಸ್ವಲ್ಪ ಸತ್ತು ಹಳೆ ಹೆಂಚಿನ ಕೆಂಪು. ಆದರೆ ಕೊಯ್ದಾಗ ಗೆರೆ ಗೆರೆಯಾಗಿ ಚಂದ ಕಂಡಿತು, ಮಗಳು ಕಲಸಿದ ಬದಿ ಬಿಟ್ಟು. ಸಕ್ಕರೆ ಪುಡಿಗೆ ಎರಡು ಚಮಚ ಪಾಕ, ಎರಡು ಚಿಟಿಕೆ ಉಪ್ಪು, ಜೀರಿಗೆ ಪುಡಿ ಕಲಸಿ ಆ ಕುಳಿಗೇ ಸುರಿದೆ. ಕುಳಿ ಬಿದ್ದದ್ದು ಒಳ್ಳೆಯದೇ ಆಯಿತು, ಅಲ್ಲೇ ನಿಂತಿತು.

ಚುರುಚುರು ಬೇಕೇ ಬೇಕು ಅಂತ ಮಗಳ ಹಟ. ಸಿಟ್ರಿಕ್ ಆಸಿಡ್, ಚೂರೇ ಚೂರು ಅಡುಗೆ ಸೋಡಾ, ಸಕ್ಕರೆ ಪುಡಿ ಸೇರಿಸಿ ತಿನ್ನುವ ಮುಂಚೆ ಅವಳ ತುಂಡಿನ ಮೇಲೆ ಉದುರಿಸಿದೆ. ಎಂಜಲು ತಾಗಿದ ಕೂಡಲೇ ಅದೂ ಬಾಟಲಿಯದೇ ಗ್ಯಾಸ್ ಬಿಡುತ್ತದೆ. ಮೊದಲೇ ಉದುರಿಸಿಟ್ಟರೆ ಪ್ರಯೋಜನವಿಲ್ಲ, ಕಾರವಾರದ ಗಾಳಿಗೆ ಐದು ನಿಮಿಷದಲ್ಲಿ ಪಸೆಯಾಗಿ ಸತ್ತುಹೋಗುತ್ತದೆ.

ಆಯಿ ತಿಂದು "ಅಡ್ಡಿಲ್ಲೆ" ಅಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಖಾಲಿ ಬಾಟಲಿಯನ್ನು ಮಗಳು ಇನ್ನೂ ಬಿಟ್ಟಿಲ್ಲ. ಗೋಲಿ ಕುತ್ತಿಗೆಯಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆ ಅಂತ ಕೇಳಿದಳು. ಬಾಟಲಿಯನ್ನು ತಲೆಕೆಳಗೆ ಮಾಡಿ ತುಂಬುತ್ತಾರೆ, ಗೋಲಿ ಬಾಯಿಗೆ ಬಂದು ಬೀಳುತ್ತದೆ, ಒಳಗಿನ ಗ್ಯಾಸ್ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ, 1872ರಷ್ಟು ಹಿಂದೆಯೇ ಹೈರಮ್ ಕಾಡ್ ಅನ್ನುವ ಇಂಗ್ಲೆಂಡಿನವನು ಇದಕ್ಕೆ ಪೇಟೆಂಟ್ ತಗೊಂಡಿದ್ದ ಅಂತ ಹೇಳಿದೆ. ಅವಳಿಗೆ ಬೇಕಾದದ್ದು ಒಡೆದರೆ ಗೋಲಿ ಸಿಗುತ್ತದೋ ಇಲ್ಲವೋ ಅಷ್ಟೇ. ಸಿಗುತ್ತದೆ, ನಾವೂ ಒಡೆದಿದ್ದೇವೆ. ಅದನ್ನು ಹೇಳಲಿಲ್ಲ, ಬಾಟಲಿ ವಾಪಸ್ ಕೊಡಬೇಕು.

ಆಯಿ ನಾಳೆ ಬೆಳಿಗ್ಗೆ ಹೊರಡುತ್ತಾಳೆ. ಅಪ್ಪನಿಗೆ ನಾಲ್ಕು ತುಂಡು ಬಾಳೆಲೆಯಲ್ಲಿ ಕಟ್ಟಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಚುರುಚುರು ಪುಡಿ ಬೇರೆ ಪೊಟ್ಟಣದಲ್ಲಿ.