ಹಸಿ ಅಂಟು

ಫಿಸಿಕ್ಸ್ ಲ್ಯಾಬಿನ ಮೂಲೆಯ ಮೇಜಿನ ಮೇಲೆ ನಮ್ಮ ರೆಕಾರ್ಡ್ ಬುಕ್ಕುಗಳ ರಾಶಿ. ಮೇಷ್ಟ್ರು ಯಾವುದನ್ನೂ ಪೂರ್ತಿ ಓದುತ್ತಿರಲಿಲ್ಲ. ನಮ್ಮ ಮುಖ ನೋಡುತ್ತಲೇ ಹೆಬ್ಬೆರಳಿನಿಂದ ಮೂರು ಕಡೆ ತೆರೆಯುವರು, ಕೆಂಪು ಶಾಯಿಯಲ್ಲಿ ಸಹಿ ಗೀಚುವರು. 20 ಪ್ರಯೋಗಗಳಲ್ಲಿ ಝೀನರ್ ಡಯೋಡ್ ಒಂದನ್ನು ನಾನು ಮಾಡಿಯೇ ಇರಲಿಲ್ಲ. ಗೆಳೆಯನ ಗ್ರಾಫ್ ನೋಡಿ ಬರೆದು ಅಂಟಿಸಿದ್ದೆ. ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ 15 ಎಂದು ಲೆಕ್ಕ ಹಾಕಿಯೇ ಧೈರ್ಯ ಮಾಡಿದ್ದು. ಪುಸ್ತಕ ಮೊದಲ ಸಲವೇ ಅಲ್ಲಿ ತೆರೆದುಕೊಂಡಿತು. "ಅಂಟು ಇನ್ನೂ ಹಸಿ ಇದೆಯಲ್ಲಯ್ಯಾ" ಎಂದರು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮುಂದೆ ಅದೇ ವಿದ್ಯೆ ನನ್ನ ಹೊಟ್ಟೆಪಾಡಾಯಿತು. ಬಾಡಿಗೆ ಸರ್ವರಿನಲ್ಲಿಟ್ಟ ಡೇಟಾ ನಿಜವಾಗಿ ಅಲ್ಲಿದೆಯೇ ಎಂದು ಪತ್ತೆಹಚ್ಚುವುದು. ಒಮ್ಮೆ ಒಂದು ಬ್ಯಾಕಪ್ಪಿನಲ್ಲಿ ಫೈಲಿನ ಹೆಸರು, ಗಾತ್ರ ಎಲ್ಲ ಸರಿ, ತೆರೆದರೆ ಬರೀ ಸೊನ್ನೆಗಳು! ಎಲ್ಲವನ್ನೂ ಇಳಿಸಿಕೊಂಡು ನೋಡಬೇಕಿಲ್ಲ. ನೂರಕ್ಕೊಂದು ತುಂಡು ಕೆಟ್ಟಿದ್ದರೂ, ಮನಸ್ಸಿಗೆ ಬಂದಲ್ಲಿ 460 ತುಂಡು ಕೇಳಿದರೆ ಸಾಕು, ಕಳ್ಳತನ ನೂರಕ್ಕೆ 99 ಪಾಲು ಬಯಲಾಗುತ್ತದೆ. ಡೇಟಾ ದೊಡ್ಡದಿರಲಿ, ಚಿಕ್ಕದಿರಲಿ, ಲೆಕ್ಕ ಅಷ್ಟೇ.

ಕಳೆದ ದಸರಾ ರಜೆಯಲ್ಲಿ ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕೊಂಡು, ಹಾಗೇ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ವರ್ಷಗಳಾದರೂ ಕಣ್ಣು ಅದೇ. "ಕ್ವಾಂಟಂ ಕಂಪ್ಯೂಟರ್ ಬಂದರೆ ನಿನ್ನ ಕೆಲಸ ಹೋಗುತ್ತೇನಯ್ಯಾ?"

ಉತ್ಸಾಹದಿಂದ ಶುರುಮಾಡಿದೆ. 2001ರಲ್ಲಿ ಬಂದ ಕ್ವಾಂಟಂ ಬೆರಳಚ್ಚು: ಹತ್ತು ಲಕ್ಷ ಬಿಟ್ಟುಗಳ ಗುರುತನ್ನು ಕೆಲವೇ ಹತ್ತು ಕ್ಯೂಬಿಟ್ಟುಗಳಲ್ಲಿ, ಅಂದರೆ ಕ್ವಾಂಟಂ ಬಿಟ್ಟುಗಳಲ್ಲಿ, ಹಿಡಿಯಬಹುದು. ನನ್ನ ಬಳಿಯದನ್ನೂ ಸರ್ವರಿನದನ್ನೂ, ಎರಡು ಅಚ್ಚುಗಳನ್ನು ಹೋಲಿಸುವ ಸ್ವಾಪ್ ಟೆಸ್ಟಿಗೆ ಹಾಕಿದರೆ, ಒಂದೇ ಆಗಿದ್ದರೆ ಯಾವಾಗಲೂ ಪಾಸು. ಬೇರೆಯಾದರೆ ಹೆಚ್ಚುಕಡಿಮೆ ಅರ್ಧ ಸಲ ಫೇಲು. ಹೊಸ ಅಚ್ಚುಗಳೊಂದಿಗೆ ಹತ್ತು ಸಲ ಮಾಡಿದರೆ ಸುಳ್ಳು ನುಸುಳುವುದು ಸಾವಿರಕ್ಕೊಂದು. ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟು ಗ್ರೋವರ್ ಅಲ್ಗಾರಿದಂ, 256 ಬಿಟ್ ಹ್ಯಾಶ್ ಎಂದೆಲ್ಲ ಕೊರೆದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಸರ್ವರಿನವನು ಡೇಟಾ ಎಸೆದು, ಆ ಬೆರಳಚ್ಚು ಮಾಡುವ ವಿಧಾನವನ್ನಷ್ಟೇ ಬರೆದಿಟ್ಟುಕೊಂಡರೆ?"

ಬಾಯಿ ಕಟ್ಟಿತು. ಹೌದು, ಪ್ರಶ್ನೆ ಮೊದಲೇ ಗೊತ್ತಿದ್ದವನು ಉತ್ತರವನ್ನಷ್ಟೇ ಇಟ್ಟುಕೊಳ್ಳುತ್ತಾನೆ, ಕ್ವಾಂಟಂ ಆದರೇನು ಬಿಟ್ಟರೇನು. "ಹಾಗಾದರೆ ಏನು ಕೇಳುತ್ತೇವೆಂದು ಪ್ರತಿ ಸಲ ಗುಟ್ಟಾಗಿ, ಹೊಸದಾಗಿ ಆರಿಸಬೇಕು ಸಾರ್" ಎಂದೆ.

ಮೇಷ್ಟ್ರು ಮಾತಾಡಲಿಲ್ಲ. ಇಲ್ಲದ ರೆಕಾರ್ಡ್ ಬುಕ್ಕನ್ನು ಗಾಳಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೂರು ಕಡೆ ತೆರೆದು ತೋರಿಸಿದರು.