ಮೊದ್ಲು ನೋಡಿದ್ಯಾರು, ಮೊದ್ಲು ಹೇಳಿದ್ಯಾರು

ಈ ವಾರ ಪೂರ್ತಿ ಒಂದೇ ಮಾತು ತಲೇಲಿ ಕೊರೀತಾ ಇದೆ. ಯಾರೋ ಒಬ್ರು ಎಡಿಟರ್, ಮುಖ ನೋಡಿಲ್ಲ, ಯಾವ ದೇಶದವರು ಅಂತಾನೂ ಗೊತ್ತಿಲ್ಲ, ಮೇಲ್‌ನಲ್ಲಿ ಕೇಳಿದ್ರು: "ನೀವು ಕೇಳ್ತಿರೋದು ಮೊದಲು ನೋಡಿದವರು ಯಾರು ಅಂತಾನಾ, ಮೊದಲು ಪ್ರಕಟಿಸಿದವರು ಯಾರು ಅಂತಾನಾ?"

ಮಗಳಿಗೆ ಕಾಲೇಜಲ್ಲಿ ನ್ಯೂಟ್ರಿನೊ (ಬಂಡೆನೂ ತೂರ್ಕೊಂಡು ಹೋಗೋ, ಸುಲಭಕ್ಕೆ ಸಿಗದ ಅತಿ ಸಣ್ಣ ಕಣ) ಬಗ್ಗೆ ಸೆಮಿನಾರ್ ಇತ್ತು. ಲೆಕ್ಚರರ್‌ಗಳೇ ನಂಬೋ ಒಂದು ಸೈನ್ಸ್ ರೆಫರೆನ್ಸ್ ವೆಬ್‌ಸೈಟ್ ತೆಗೆದು ನೋಟ್ಸ್ ಮಾಡ್ಕೋತಿದ್ಲು, ನಾನು ಪಕ್ಕದಲ್ಲಿ ಬಟ್ಟೆ ಮಡಚ್ತಾ ಹಾಗೇ ಇಣುಕಿದೆ. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊಗಳನ್ನ ಮೊದಲ ಸಲ ಪತ್ತೆ ಮಾಡಿದ್ದು 1965ರಲ್ಲಿ, ದಕ್ಷಿಣ ಆಫ್ರಿಕಾದ ಚಿನ್ನದ ಗಣೀಲಿ ಅಂತ ಬರ್ದಿತ್ತು. ಅಷ್ಟೇ. ನಮ್ಮ ಕೆಜಿಎಫ್ ಹೆಸರು ಎಲ್ಲೂ ಇಲ್ಲ! ಮೈ ಉರೀತು ನಂಗೆ. ನಾನು ಬಂಗಾರಪೇಟೆಯೋಳು, ಚಿಕ್ಕಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣೀಲಿ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿದ್ರು, ಕೇಜ್‌ನಲ್ಲಿ, ಅಂದ್ರೆ ಗಣಿಯ ಲಿಫ್ಟ್‌ನಲ್ಲಿ, ಕೆಳಗಿಳಿಯೋವಾಗ ಕಿವಿ ಹೆಂಗೆ ಮುಚ್ಕೊಳ್ಳುತ್ತೆ ಅನ್ನೋ ಕಥೆ ಕೇಳ್ಕೊಂಡೇ ಬೆಳೆದಿರೋದು.

ಎಡಿಟೋರಿಯಲ್ ಟೀಮ್‌ಗೆ ಬರೀಬೇಕು ಅಂದ್ರೆ ಅದೊಂದು ಫಾರ್ಮ್. ಯಾವ ವಿಷಯ ಅಂತ ಆರಿಸ್ಕೊಳ್ಳೋ ಕಡೆ ಲಾಗಿನ್ ತೊಂದರೆ ಇದೆ, ಪೇಮೆಂಟ್ ಇದೆ, ಜಾಹೀರಾತು ಇದೆ. ನೀವು ಬರೆದಿದ್ದು ಸರಿಯಿಲ್ಲ ಅಂತ ಹೇಳೋಕೆ ಮಾತ್ರ ಜಾಗಾನೇ ಇಲ್ಲ. "ಇತರೆ" ಒತ್ತಿ ಕೋಪದಲ್ಲೇ ಟೈಪ್ ಮಾಡಿದೆ. ನಮ್ಮಣ್ಣಂಗೆ ಹೇಳಿದ್ರೆ, "ಬಿಡೇ, ಅವ್ರೆಲ್ಲಿ ಓದ್ತಾರೆ, ಯಾವ್ದೋ ಮಷೀನು ಥ್ಯಾಂಕ್ಯೂ ಅನ್ನುತ್ತೆ" ಅಂದ. ಅವನು ಯಾವಾಗ್ಲೂ ಹಿಂಗೇ, ಮನೆ ಮುಂದೆ ಬೀದಿ ದೀಪ ಕೆಟ್ರೂ ಯಾರಿಗೂ ಫೋನ್ ಮಾಡಲ್ಲ. ಮಷೀನು ಥ್ಯಾಂಕ್ಯೂ ಅಂದಿದ್ದೂ ನಿಜ ಅನ್ನಿ. ಆದ್ರೆ ಅದಾದ್ಮೇಲೆ ಮನುಷ್ಯರೇ ಬರೆದ ಉತ್ತರ ಬಂತು, ಅದರಲ್ಲೇ ಈ ಪ್ರಶ್ನೆ.

ಮೊದ್ಲು ಓದಿದಾಗ ಕೊಬ್ಬು ಅನ್ನಿಸ್ತು. ಕುಕ್ಕರ್ ಇಡ್ತಾ ಇನ್ನೊಂದ್ಸಲ ನೆನೆಸ್ಕೊಂಡ್ರೆ, ಅಲ್ವಾ, ನಾನು ಏನು ಕೇಳ್ತಿದೀನಿ?

ಕೂತು ಹುಡುಕಿದೆ. ದಕ್ಷಿಣ ಆಫ್ರಿಕಾದವರಿಗೆ, ಅಂದ್ರೆ ಅಲ್ಲಿ ಕೆಲಸ ಮಾಡ್ತಿದ್ದ ಅಮೆರಿಕದ ವಿಜ್ಞಾನಿ ಫ್ರೆಡರಿಕ್ ರೈನ್ಸ್ ತಂಡಕ್ಕೆ, ಮೊದಲ ಘಟನೆ ಸಿಕ್ಕಿದ್ದು 1965ರ ಫೆಬ್ರವರಿ 23ಕ್ಕೆ. ನಮ್ಮವರು ನೋಡಿದ್ದು ಅದಾದ್ಮೇಲೇನೆ. ಆದ್ರೆ ಕೆಜಿಎಫ್ ತಂಡದ ಪೇಪರ್ ಜರ್ನಲ್‌ಗೆ ತಲುಪಿದ್ದು ಜುಲೈ 12ಕ್ಕೆ, ಅಚ್ಚಾಗಿದ್ದು ಆಗಸ್ಟ್ 15ಕ್ಕೆ (ದಿನ ನೋಡಿ!). ಅವರದ್ದು ತಲುಪಿದ್ದು ಜುಲೈ 26ಕ್ಕೆ, ಅಚ್ಚಾಗಿದ್ದು ಆಗಸ್ಟ್ 30ಕ್ಕೆ. ನೋಡಿದ್ರಲ್ಲಿ ಅವ್ರು ಮುಂದೆ, ಹೇಳಿದ್ರಲ್ಲಿ ನಾವು ಮುಂದೆ. ಇನ್ನು "ನಾವು" ಅಂದ್ರೂ ಬರೀ ನಾವಲ್ಲ, ಬಾಂಬೆಯ ಟಿಐಎಫ್‌ಆರ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್) ಜೊತೆ ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಎಲ್ಲ ಸೇರಿ ಮಾಡಿದ ಕೆಲಸ ಅದು.

ನಂಗೆ ಈ ಜಗಳಕ್ಕಿಂತ ಇಷ್ಟ ಆಗಿದ್ದು ಅದರ ಹಿಂದಿನ ಕಥೆ. ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವ್ರು ಹೋಮಿ ಭಾಭಾ ಹೇಳಿದ್ರು ಅಂತ 1950ರ ದಶಕದ ಶುರುವಲ್ಲೇ ಕೆಜಿಎಫ್‌ಗೆ ಬಂದು, ಆಕಾಶದಿಂದ ಬರೋ ಮ್ಯೂಆನ್ ಕಣಗಳು ಎಷ್ಟು ಆಳದವರೆಗೆ ಬಂಡೆ ತೂರ್ಕೊಂಡು ಬರ್ತವೆ ಅಂತ ಎಣಿಸೋಕೆ ಶುರು ಮಾಡಿದ್ರು. ಇಳೀತಾ ಇಳೀತಾ ಎಣಿಕೆ ಕಮ್ಮಿ ಆಯ್ತು. 60ರ ದಶಕದಲ್ಲಿ 2,700 ಮೀಟರ್‌ಗೂ ಕೆಳಗೆ ಇಟ್ಟು ನೋಡಿದ್ರೆ ವಾರಗಟ್ಟಲೆ ಕಾದ್ರೂ ಒಂದೂ ಬರ್ಲಿಲ್ಲ. ಸೊನ್ನೆ! ಬೇರೆಯವರಾಗಿದ್ರೆ ಸಾಮಾನು ಕಟ್ಕೊಂಡು ಮೇಲೆ ಬರ್ತಿದ್ರು. ಇವ್ರಿಗೆ ಆ ಸೊನ್ನೇನೇ ಬೇಕಾಗಿತ್ತು. ಅಷ್ಟು ಗಲಾಟೆಯಿಲ್ಲದ ಜಾಗದಲ್ಲಿ ಏನಾದ್ರೂ ಒಂದು ಮಿಣಕ್ ಅಂದ್ರೆ ಅದು ನ್ಯೂಟ್ರಿನೊ ಕೆಲಸಾನೇ ಇರ್ಬೇಕು ಅಂತ. ಆಮೇಲೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಎದುರುಬದುರು ಗೋಡೆ ಥರ ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದುಹೋದ್ರೆ ಮಿನುಗೋ ಪ್ಲಾಸ್ಟಿಕ್) ನಿಲ್ಸಿ, ನಡುವೆ ನಿಯಾನ್ ಟ್ಯೂಬ್ ಜೋಡ್ಸಿ ಕಾದ್ರು. ಮೇಲಿಂದ ಬರೋ ಮ್ಯೂಆನ್ ಹೆಚ್ಚುಕಮ್ಮಿ ನೇರ ಕೆಳಗೇ ಇಳಿಯುತ್ತೆ, ಅಡ್ಡಡ್ಡ ಬಂದ್ರೆ ಅದನ್ನ ಬಂಡೆಯೊಳಗೇ ಯಾವ್ದೋ ನ್ಯೂಟ್ರಿನೊ ಹುಟ್ಸಿದೆ ಅಂತ ಲೆಕ್ಕ. ಅಡ್ಡ ಹೋದ ಕಡೆ ಟ್ಯೂಬುಗಳು ಸಾಲಾಗಿ ಹತ್ಕೊಂಡು ಗೆರೆ ಎಳ್ದಂಗೆ ದಾರಿ ತೋರಿಸ್ತಿದ್ವು.

ಚಿಕ್ಕಪ್ಪಂಗೆ ಫೋನ್ ಮಾಡಿದೆ. ಅವ್ರು ಸೇರಿದ್ದೇ ಎಪ್ಪತ್ತರ ದಶಕದಲ್ಲಿ, 65ರ ಕಥೆ ಅವ್ರೂ ಸೀನಿಯರ್‌ಗಳ ಬಾಯಲ್ಲಿ ಕೇಳಿದ್ದೇ. "ಏನಮ್ಮಾ, ನಮ್ಗೆ ಅದೆಲ್ಲ ಏನ್ ಗೊತ್ತು, ಬಾಂಬೆಯವ್ರು ಇದಾರೆ, ಲೈನ್ ಕಟ್ ಆಗ್ಬಾರ್ದು ಅಂತ ಹೇಳ್ತಿದ್ರು, ನೋಡ್ಕೋತಿದ್ವಿ" ಅಂದ್ರು. ಅದನ್ನೂ ಎಡಿಟರ್‌ಗೆ ಬರೆದೆ. ಅದಕ್ಕೆ ತುಂಬ ಮರ್ಯಾದೆಯಾಗೇ, ಇದು ಓದೋಕೆ ಖುಷಿ ಆಯ್ತು, ಆದ್ರೆ ಪುಟಕ್ಕೆ ಹಾಕೋಕಾಗಲ್ಲ ಅಂದ್ರು. ಸರೀನೇ. ಹಾಕ್ಬಾರ್ದು ಕೂಡ, ನಾಳೆ ಎಲ್ಲರ ಚಿಕ್ಕಪ್ಪಂದಿರ ಮಾತೂ ಹಾಕ್ಬೇಕಾಗುತ್ತೆ. ಆದ್ರೂ ಕೇಜ್ ಓಡ್ಸಿದವ್ರು, ಆ ಬಿಸಿಯಲ್ಲಿ ಮರದ ಆಸರೆ ಕೊಟ್ಟವ್ರು, ಕರೆಂಟ್ ನೋಡ್ಕೊಂಡವ್ರು ನೋಡಿದವ್ರ ಲಿಸ್ಟಲ್ಲೂ ಇಲ್ಲ, ಹೇಳಿದವ್ರ ಲಿಸ್ಟಲ್ಲೂ ಇಲ್ಲ, ಎಡಿಟರ್ ಪ್ರಶ್ನೇಲಿ ಅವ್ರಿಗೆ ಮೂರನೇ ಖಾನೆ ಇರ್ಲೇ ಇಲ್ಲ. 2001ರಲ್ಲಿ ಗಣಿ ಮುಚ್ಚಿದ್ಮೇಲಂತೂ ಕೆಜಿಎಫ್ ಅಂದ್ರೆ ಜನಕ್ಕೆ ನೆನಪಾಗೋದು ಸಿನಿಮಾ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ದಿನಾಂಕ ಎಲ್ಲ ಹಾಕಿದೆ. ಎಲ್ರಿಗೂ ಆಗಸ್ಟ್ 15 ಮಾತ್ರ ಬೇಕು, ಫೆಬ್ರವರಿ 23 ಯಾರಿಗೂ ಬೇಡ. "ನಾವೇ ಫಸ್ಟ್ ಅಂತ ಬರ್ಸು" ಅಂತ ಒಬ್ರು, ಬಾವುಟ ಹಾಕಿ ಇನ್ನೊಬ್ರು. ನಿಜ ಹೇಳ್ಬೇಕಂದ್ರೆ ನಮ್ಮೋರಿಗಿಂತ ಆ ಎಡಿಟರ್ರೇ ನಂಗೆ ಹತ್ರ ಅನ್ನಿಸಿದ್ರು, ಎರಡು ದಿನಾಂಕಾನೂ ಕೇಳಿದ್ದು ಅವ್ರೊಬ್ರೇ.

ನಿನ್ನೆ ಪುಟ ಬದಲಾಗಿದೆ. 1965ರಲ್ಲಿ ಭಾರತದ ಕೋಲಾರ ಮತ್ತು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಪತ್ತೆ ಮಾಡಿದ್ವು ಅಂತ, "ಮೊದಲು" ಅನ್ನೋದು ಇಬ್ಬರಿಗೂ ಸೇರೋ ಹಂಗೆ ಬರ್ದಿದಾರೆ. ಮಗಳ ಸೆಮಿನಾರ್ ಅಷ್ಟೊತ್ತಿಗೆ ಮುಗ್ದಿತ್ತು. ಗ್ರೂಪಲ್ಲಿ ಅಣ್ಣಂದು ಒಂದೇ ತಕರಾರು, ನಮ್ಮ ಹೆಸರು ಮೊದ್ಲು ಬಂದಿದ್ದು ಅಕ್ಷರ ಕ್ರಮಕ್ಕಾ ಅಥವಾ ನಿಜವಾಗ್ಲಾ ಅಂತ, ಅದನ್ನೂ ಕೇಳ್ಬೇಕಂತೆ. ನೀನೇ ಆ ಫಾರ್ಮ್ ತುಂಬು ಅಂದಿದೀನಿ.