ಬಾಣೆಯ ಅಂಚಿನ ಕ್ಯಾಮೆರಾ ಕದ್ದವರು

ಕಾಫಿ ಕೊಯ್ಲಿನ ಕಾಲ. ಪಕ್ಕದ ತೋಟದವರ ಹಸುವನ್ನು ಹುಲಿ ಹಿಡಿದು, ಅರ್ಧ ತಿಂದು, ನಮ್ಮ ಬಾಣೆಯ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಮೀನಿನ, ಅಂಚಿಗೆ ಎಳೆದು ತಂದು ಬಿಟ್ಟಿತ್ತು. ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ನಮ್ಮ ಕಡೆಗೆ ನಾಗರಹೊಳೆ ಕಾಡು ದೂರವಿಲ್ಲ, ಹುಲಿ ಹೊಸದೂ ಅಲ್ಲ. ಆದರೆ ಹೆಂಗಸರು ಬಗ್ಗಿ ಹಣ್ಣು ಕೊಯ್ಯುವ ಜಾಗಕ್ಕೇ ಅದು ಬಂದರೆ ಯಾರಿಗೆ ಧೈರ್ಯ ಉಳಿದೀತು? ಅರಣ್ಯ ಇಲಾಖೆಯವರು ಬಂದು ಕಾಲುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟಿ ಹೋದರು.

ಎರಡು ಯಾಕೆ ಎಂದು ತೋಟದ ಕೂಲಿಯವರ ಸಾಲುಮನೆಯಾದ ಲೈನ್‌ಮನೆಯ ಹೆಂಗಸೊಬ್ಬರು ಕೇಳಿದರು. “ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ ಅಕ್ಕ. ಎರಡೂ ಸಿಕ್ಕಿದ್ರೆ ಇದು ಯಾವ ಹುಲಿ ಅಂತ ಹಳೇ ಫೋಟೊಗಳ ಜೊತೆ ಹೋಲಿಸಿ ನೋಡಬಹುದು” ಎಂದರು ಗಾರ್ಡ್. ಮುದಿಯೋ, ಗಾಯವಾದದ್ದೋ, ಮರಿ ಕಟ್ಟಿಕೊಂಡ ತಾಯಿಯೋ ಎಂದು ತಿಳಿದರೆ ತಾನೇ ಬೋನು ಇಡುವುದೋ ಕಾಡಿಗೆ ಅಟ್ಟುವುದೋ ಎಂಬ ಮಾತು.

ಕೆಲವು ದಿನ ಬಿಟ್ಟು ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆಯಲು ಬಂದ ಗಾರ್ಡ್ ಜೊತೆ ನಾನೂ ಹೋದೆ. ಸಿಲ್ವರ್ ಓಕ್ ಮರದಲ್ಲಿ ಬೆಲ್ಟಿನ ತುಂಡು ಮಾತ್ರ ನೇತಾಡುತ್ತಿತ್ತು. ಆನೆಯ ಕೆಲಸವಾಗಿದ್ದರೆ ಕ್ಯಾಮೆರಾ ಜಜ್ಜಿಹೋಗಿ ಅಲ್ಲೇ ಬಿದ್ದಿರುತ್ತಿತ್ತು. ಇದು ಕತ್ತಿಯಲ್ಲಿ ನೇರವಾಗಿ ಕೊಯ್ದದ್ದು. ಎದುರಿನದು ಕಾಫಿ ಗಿಡದ ರೆಂಬೆಗಳ ಮರೆಯಲ್ಲಿ ಉಳಿದುಕೊಂಡಿತ್ತು.

ಅದರ ಕಾರ್ಡನ್ನು ಮನೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆವು. ಮುಳ್ಳುಹಂದಿ, ಕಡವೆ, ಆಮೇಲೆ ಹುಲಿಯ ಹಿಂಗಾಲು ಮತ್ತು ಬಾಲ, ಅದೂ ಮಸುಕು. ನಂತರ ನಡುರಾತ್ರಿಯಲ್ಲಿ ಬೂಟು ಹಾಕಿದ ಎರಡು ಜೊತೆ ಕಾಲು, ಪಕ್ಕದಲ್ಲಿ ನೆಲಕ್ಕೆ ಮುಖ ಮಾಡಿದ ಕೋವಿಯ ನಳಿಗೆ. ಹುಲಿಯ ಮೈ ಸಿಗಲೆಂದು ಮೊಣಕಾಲ ಎತ್ತರಕ್ಕೆ ಕಟ್ಟುವುದರಿಂದ ಮುಖ ಸಿಗಲಿಲ್ಲ. ಬಿಸಿ ಮೈ ಎದುರಿಗೆ ಅಲುಗಾಡಿದರೆ ಸಾಕು, ಕ್ಯಾಮೆರಾ ತಾನಾಗಿ ಫೋಟೊ ತೆಗೆಯುತ್ತದೆ. ಅದು ಗೊತ್ತಿದ್ದವರೇ ಕಿತ್ತುಕೊಂಡು ಹೋಗಿದ್ದಾರೆ.

ಅಮೆರಿಕದಲ್ಲಿ ಜಿಂಕೆಯ ಓಡಾಟ ತಿಳಿಯಲು ಬೇಟೆಗಾರರೇ ಇಂಥ ಕ್ಯಾಮೆರಾ ಮರಕ್ಕೆ ಕಟ್ಟುತ್ತಾರೆ, ಕಳಕೊಳ್ಳುವವರೂ ಅವರೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಕಡವೆ ಹೊಡೆಯುವುದು ಅಪರಾಧ, ಹಾಗಾಗಿ ಇಲ್ಲಿ ಬೇಟೆಗಾರನಿಗೆ ಕ್ಯಾಮೆರಾ ಕಂಡರೆ ಭಯ. ನಮ್ಮ ಮನೆಯಲ್ಲೂ ಕೋವಿ ಇದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜಿಸುತ್ತೇವೆ, ತೆಂಗಿನಕಾಯಿಗೆ ಗುರಿಯಿಡುತ್ತೇವೆ. ಹಿರಿಯರಿಂದ ಬಂದ ಆ ಗೌರವವನ್ನು ರಾತ್ರಿ ಕದ್ದು ಪರರ ತೋಟಕ್ಕೆ ನುಗ್ಗುವವರು ಹಾಳು ಮಾಡುತ್ತಿದ್ದಾರೆಂಬ ಸಿಟ್ಟು ನನಗಿದೆ.

ಅದಕ್ಕಿಂತ ದೊಡ್ಡ ಸಿಟ್ಟು ದೂರು ಕೊಡಲು ಹೋದಾಗ ಬಂತು. “ನಿಮ್ಮ ಲೈನ್‌ಮನೆಯಲ್ಲಿ ಯಾರ್ಯಾರು ಇದ್ದಾರೆ?” ಎಂಬುದೇ ಮೊದಲ ಪ್ರಶ್ನೆ. ಊರಿನವರ ಬಾಯಲ್ಲೂ ಅಲ್ಲಿರುವ ಯರವ ಬುಡಕಟ್ಟಿನ ಹುಡುಗರ ಹೆಸರೇ. ಕೋವಿ ಇಲ್ಲದವರು ಅವರು. ಬೆಳಗಿನ ಮಂಜಿನಲ್ಲಿ ಎಲ್ಲರಿಗಿಂತ ಮೊದಲು ತೋಟಕ್ಕೆ ಇಳಿಯುವವರೂ ಅವರೇ. ಹುಲಿ ಎಲ್ಲಿದೆ ಎಂದು ತಿಳಿಯಬೇಕಾದ ಅಗತ್ಯ ಅವರಿಗಿಂತ ಹೆಚ್ಚು ಯಾರಿಗಿದೆ? ಫೋಟೊ ತೋರಿಸಿ, ಇದನ್ನು ನೋಡದೆ ಒಬ್ಬರನ್ನೂ ಕರೆಯಬಾರದು ಎಂದು ಹೇಳಿ, ಅದನ್ನೇ ದೂರಿನಲ್ಲೂ ಬರೆದುಕೊಟ್ಟೆ.

ಈಗ ಹೊಸ ಜೋಡಿ ಕ್ಯಾಮೆರಾ ಬಂದಿದೆ, ಕಬ್ಬಿಣದ ಪೆಟ್ಟಿಗೆ ಮತ್ತು ಬೀಗದ ಸಮೇತ. ಹುಲಿ ಯಾವುದೆಂದು ಇನ್ನೂ ಗೊತ್ತಾಗಿಲ್ಲ. ಬಿಸಿಲೇರಿದ ಮೇಲೆ ಗುಂಪಾಗಿ ಕೊಯ್ಲಿಗೆ ಇಳಿಯುತ್ತಾರೆ. ಕೊಯ್ದಷ್ಟೇ ಕೂಲಿ ಸಿಗುವವರಿಗೆ ಆ ತಡವೂ ನಷ್ಟ, ಹಾಗಾಗಿ ಅದನ್ನು ನಾನು ತುಂಬಿಕೊಡುತ್ತಿದ್ದೇನೆ. ಕದ್ದವರು ಕ್ಯಾಮೆರಾ ಇಟ್ಟುಕೊಳ್ಳಲಿ, ಕಾರ್ಡಿನಲ್ಲಿರುವ ಹುಲಿಯ ಫೋಟೊಗಳನ್ನಾದರೂ ನಮ್ಮ ಗೇಟಿನ ಹತ್ತಿರ ಹಾಕಿ ಹೋಗಲಿ ಎಂದು ಊರಿನ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.